ಸಣ್ಣ ಐದರ ರೂಪಾಯಿ

ಹಳೆಯ ನಾಣ್ಯ ಕೂಡಿಸುವ ಹವ್ಯಾಸದವರೊಬ್ಬರು ಹೋದ ವರ್ಷ ನಮ್ಮ ಮನೆಗೆ ಬಂದಿದ್ದರು. ಚಹಾ ಆದ ಮೇಲೆ ನಾನು ಪೆಟ್ಟಿಗೆಯಿಂದ ಒಂದು ರೂಪಾಯಿ ತೆಗೆದು ಅವರ ಕೈಗಿಟ್ಟೆ. ಅವರು ಭೂತಗನ್ನಡಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನಗೆ ಪಾಠ ಶುರು ಮಾಡಿದರು. ೧೯೪೫ನೇ ಇಸವಿಯ ರೂಪಾಯಿಯಲ್ಲಿ ಎರಡು ನಮೂನೆ ಇವೆಯಂತೆ, ಒಂದರಲ್ಲಿ ಐದರ ಅಂಕಿ ದೊಡ್ಡದು, ಇನ್ನೊಂದರಲ್ಲಿ ಸಣ್ಣದು, ಬರಿಗಣ್ಣಿಗೆ ಸುಲಭಕ್ಕೆ ತಿಳಿಯುವುದಿಲ್ಲವಂತೆ. ಯಾರಿಗೆ ಹೇಳುತ್ತೀಯಪ್ಪಾ ಇದನ್ನು ಎಂದುಕೊಂಡೆ. ತೂತು ಇರದಿದ್ದರೆ ಒಳ್ಳೆಯ ಬೆಲೆ ಬರುತ್ತಿತ್ತು, ಯಾರೋ ಹೆಣ್ಣುಮಕ್ಕಳು ಸರಕ್ಕೆ ಪೋಣಿಸಿರಬೇಕು ಎಂದು ಅವರೇ ಹೇಳಿ ಮುಗಿಸಿದರು. ಆ ತೂತಿನ ಮಾತು ತೆಗೆದರೆ ನನ್ನ ತವರಿನ ಮಾನ ಹೋಗುತ್ತದೆ. ತವರಿನಲ್ಲಿ ಈಗ ಯಾರೂ ಉಳಿದಿಲ್ಲ, ಹೋದರೆ ಹೋಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಪ್ಪ ಗೋಕಾಕದ ಪೇಟೆಯಲ್ಲಿ ಸರಾಫ. ಬೆಳ್ಳಿ ಬಂಗಾರ ತೂಗುವುದು, ಕೊಳ್ಳುವುದು, ಮಾರುವುದು ಅವನ ಉದ್ಯೋಗ. ಆದರೆ ಹೆಸರು ಬಂದದ್ದು ರೂಪಾಯಿ ಪರೀಕ್ಷೆಯಿಂದ. ಸಂತೆಗೆ ಕೌಜಲಗಿಯಿಂದಲೋ ಮಸಗುಪ್ಪಿಯಿಂದಲೋ ಎತ್ತು ಹೊಡೆದುಕೊಂಡು ಬಂದವರು ಎತ್ತು ಮಾರಿದ ಕೂಡಲೇ ರೊಕ್ಕವನ್ನು ಧೋತರದ ಚುಂಗಿಗೆ ಕಟ್ಟಿಕೊಂಡು ನೆಟ್ಟಗೆ ನಮ್ಮ ಅಂಗಡಿಗೆ ಬರುತ್ತಿದ್ದರು. ಅಪ್ಪ ಒಂದೊಂದೇ ರೂಪಾಯಿಯನ್ನು ಹೆಬ್ಬೆರಳಿನಿಂದ ಚಿಮ್ಮಿ ಕರಿಕಲ್ಲಿನ ಮೇಲೆ ಬೀಳಿಸುತ್ತಿದ್ದ. ಕಣ್ಣು ಮುಚ್ಚಿ ಆ ಸಪ್ಪಳ ಕೇಳುತ್ತಿದ್ದ. ಖರೆ, ಇಲ್ಲವೇ ಖೋಟಾ. ಎರಡೇ ಮಾತು, ಅದಕ್ಕೆ ಒಂದು ಬಿಡಿಗಾಸೂ ತೆಗೆದುಕೊಳ್ಳುತ್ತಿರಲಿಲ್ಲ. ಆ ಪುಕ್ಕಟೆ ಮಾತಿನಿಂದಲೇ ಅವನಿಗೆ ಸೊಕ್ಕು ಬಂದಿತ್ತು ಎಂದು ಈಗ ಅನ್ನಿಸುತ್ತದೆ. ಹಣ ಕೊಟ್ಟು ಕೇಳಿದ್ದರೆ ಯಾರಾದರೂ ಎದುರು ಮಾತಾಡುತ್ತಿದ್ದರೇನೋ.

ದೊಡ್ಡ ಯುದ್ಧ ಬಂತು. ಸರಕಾರ ರೂಪಾಯಿಯೊಳಗಿನ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಹೊಸ ರೂಪಾಯಿ ಕಲ್ಲಿನ ಮೇಲೆ ಬಿದ್ದರೆ ಮೊದಲಿನ ಹಾಗೆ ನಾದ ಬರುತ್ತಿರಲಿಲ್ಲ, ಜ್ವರ ಬಂದವರ ದನಿಯಂತೆ ಮಂಕಾಗಿ ಸದ್ದು ಮಾಡುತ್ತಿತ್ತು. ಅಪ್ಪನ ಕಿವಿ ನಿರುಪಯೋಗವಾಯಿತು. ಅದನ್ನು ಅವನು ಯಾರ ಮುಂದೆಯೂ ಒಪ್ಪಲಿಲ್ಲ. ಕಲ್ಲಿನ ಮೇಲೆ ಚಿಮ್ಮುವ ಆಟ ಹಾಗೆಯೇ ನಡೆದಿತ್ತು. ಆದರೆ ಖರೆ ಖೋಟಾ ತೀರ್ಮಾನಿಸುವುದು ಮಾತ್ರ ಅಂಕಿಯಿಂದ ಎಂದು ಮನೆಯವರಿಗೆ ಗೊತ್ತಿತ್ತು.

ಗಂಡುಮಕ್ಕಳು ಇರದ ಮನೆ, ಹಾಗಾಗಿ ಆ ವಿದ್ಯೆ ನನಗೆ ದಕ್ಕಿತು. ಇಸವಿಯ ಒಂದೊಂದು ಅಂಕಿಗೂ ತಲೆ, ಹೊಟ್ಟೆ, ಬಾಲ ಇರುತ್ತವೆ ಎಂದು ಅಪ್ಪ ಕಲಿಸಿದ. ಖೋಟಾ ಮಾಡುವವನು ರಾಜನ ಮುಖವನ್ನು ಎಷ್ಟೇ ಚಂದ ತೆಗೆದರೂ ಅಂಕಿಯಲ್ಲಿ ಸಿಕ್ಕಿಬೀಳುತ್ತಾನೆ, ಯಾಕೆಂದರೆ ಜನ ನೋಡುವುದು ಮುಖವನ್ನು, ಅವನ ಶ್ರಮವೆಲ್ಲ ಅಲ್ಲಿಗೇ ಮುಗಿದಿರುತ್ತದೆ ಎನ್ನುತ್ತಿದ್ದ. ಒಂದೊಂದು ಇಸವಿಗೆ ಒಂದೊಂದು ಮಾದರಿ ರೂಪಾಯಿಯನ್ನು ಕೆಂಪು ಅರಿವೆಯಲ್ಲಿ ಸುತ್ತಿ ಇಟ್ಟಿದ್ದ. ಬಂದ ರೂಪಾಯಿಯನ್ನು ಅದರ ಮಗ್ಗುಲಿಗೆ ಇಟ್ಟು ನೋಡುವುದು. ನಲವತ್ತೈದರ ಮಾದರಿಯಲ್ಲಿ ಐದು ಠೀವಿಯಿಂದ ನಿಂತಿತ್ತು. ತಲೆಯ ಗೆರೆ ಉದ್ದ, ಹೊಟ್ಟೆ ತುಂಬಿದ್ದು, ಮಗ್ಗುಲಿನ ನಾಲ್ಕಕ್ಕಿಂತ ಒಂದು ಕೂದಲೆಳೆ ಎತ್ತರ. ಉಂಡು ಕುಳಿತ ಗೌಡನ ಹಾಗೆ ಐತಿ ಎಂದು ಅಪ್ಪ ನಗುತ್ತಿದ್ದ.

ಖೋಟಾ ಸಿಕ್ಕ ನಾಣ್ಯವನ್ನು ಅಪ್ಪ ಮರಳಿ ಪೇಟೆಗೆ ಬಿಡುತ್ತಿರಲಿಲ್ಲ. ಅಂಗಡಿಯ ಕಟ್ಟೆ ಹತ್ತಲು ಒಂದು ಹಲಗೆಯ ಮೆಟ್ಟಿಲು ಇತ್ತು. ಆ ಹಲಗೆಗೆ ಇಟ್ಟು ನಟ್ಟನಡುವೆ ಮೊಳೆ ಹೊಡೆಯುತ್ತಿದ್ದ. ಖೋಟಾ ರೊಕ್ಕ ಕಾಲಾಗ ಇರಬೇಕು ಎನ್ನುವುದು ಅವನ ಮಾತು. ರಾಜನ ಮುಖದ ಮೇಲೆ ಜನ ಕಾಲಿಟ್ಟರೆ ಫೌಜದಾರ ಬಂದು ಕೇಳಿಯಾನು ಎಂದು ಮುಖವನ್ನು ಕೆಳಗೆ ಮಾಡಿ, ಇಸವಿಯ ಬದಿಯನ್ನು ಮೇಲೆ ಮಾಡಿ ಹೊಡೆಯುತ್ತಿದ್ದ. ಬಂದವರು ಚಪ್ಪಲಿ ಕಳಚುವುದು ಅಲ್ಲಿಯೇ.

ಯುದ್ಧ ಮುಗಿದ ಮರುವರ್ಷ ಮೂಡಲಗಿಯಿಂದ ನನಗೆ ಗಂಡು ಬಂತು. ಹುಡುಗ ಕನ್ನಡ ಸಾಲಿಯ ಮಾಸ್ತರ, ಮನೆಯಲ್ಲಿ ಹೊಲ, ಕಬ್ಬು, ಬೆಲ್ಲದ ಗಾಣ. ನಿಶ್ಚಯದ ದಿನ ಅವರ ಕಡೆಯ ಹೆಣ್ಣುಮಕ್ಕಳು ನಮ್ಮ ಪಡಸಾಲೆಯಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಹುಡುಗನ ತಾಯಿ ಎತ್ತರದ ಹೆಂಗಸು, ಮಾತು ಕಡಿಮೆ. ಅಕ್ಕಿ, ಉತ್ತತ್ತಿ, ಅರಿಷಿಣ ಬೇರು, ಅಡಿಕೆ, ಕುಬಸದ ಅರಿವೆಯ ಕಣ, ಎಲ್ಲವನ್ನೂ ನನ್ನ ಸೆರಗಿಗೆ ಹಾಕಿ, ಕಡೆಗೆ ಸೊಂಟದ ಚೀಲದಿಂದ ಒಂದು ರೂಪಾಯಿ ತೆಗೆದು ಕಣ್ಣಿಗೊತ್ತಿಕೊಂಡು ಹಾಕಿದರು. ಅದು ಕಣದ ಮೇಲಿಂದ ಜಾರಿ ಕಲ್ಲುಹಾಸಿನ ಮೇಲೆ ಬಿತ್ತು.

ಮಂಕು ಸಪ್ಪಳ. ಗಂಡಸರ ಜೊತೆ ಆಚೆ ಕುಳಿತಿದ್ದ ಅಪ್ಪನ ತಲೆ ತಟ್ಟನೆ ಇತ್ತ ತಿರುಗಿತು. ಹೊಸ ರೂಪಾಯಿಗಳೆಲ್ಲ ಹಾಗೆಯೇ ಸದ್ದು ಮಾಡುತ್ತವೆಂದು ಅವನಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ಎದ್ದು ಬಂದ. ಹೆಣ್ಣುಮಕ್ಕಳ ನಡುವೆ ಬಗ್ಗಿ ಅದನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದ. ಉಡಿಗೆ ಹಾಕಿದ್ದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಅಕ್ಕಿಯಲ್ಲಿ ಹುಳು ಇದ್ದರೂ ಸುಮ್ಮನೆ ಕಟ್ಟಿಕೊಂಡು ದೇವರ ಮುಂದೆ ಹೋಗುವುದು ನಮ್ಮ ಪದ್ಧತಿ. ಅಪ್ಪ ಅರಿವೆಯ ಗಂಟು ತರಿಸಿದ. ಮಾದರಿಯ ಪಕ್ಕಕ್ಕೆ ಇಟ್ಟು ನೋಡಿದ.

“ತಪ್ಪ ತಿಳ್ಕೋಬ್ಯಾಡ್ರಿ ಬೀಗತಿ. ನಿಮಗ ಯಾರೋ ದಾಟಿಸ್ಯಾರ. ಇದು ಖೋಟಾ ಐತಿ.”

ಐದು ಸಣ್ಣದಾಗಿದೆ, ಹೊಟ್ಟೆ ಒಳಗೆ ಹೋಗಿದೆ, ನಾಲ್ಕರ ಹೆಗಲಿಗೂ ಬಂದಿಲ್ಲ ಎಂದು ಬೀಗರಿಗೆಲ್ಲ ತೋರಿಸಿ ತೋರಿಸಿ ವಿವರಿಸಿದ. ಅವರ ಪರವಾಗಿ ತನ್ನ ಜೇಬಿನಿಂದ ಒಂದು ಒಳ್ಳೆಯ ರೂಪಾಯಿ ತೆಗೆದು ನನ್ನ ಉಡಿಗೆ ಹಾಕಿದ. ಅದು ಉದಾರತನ ಎಂದು ಅವನು ತಿಳಿದಿದ್ದ. ಹುಡುಗನ ತಾಯಿ ಖಾಲಿ ಕೈಯನ್ನು ನೋಡಿಕೊಂಡು ಹಾಗೆಯೇ ಕುಳಿತರು. ಮುಖ ಕೆಂಪಾಗಿತ್ತು. ತಡೆದು ತಡೆದು ಒಂದು ಮಾತಾಡಿದರು, “ಗೊತ್ತಿರಲಿಲ್ರಿ.”

ಆಗ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ನಮ್ಮಪ್ಪ ಎಂಥಾ ಶ್ಯಾಣ್ಯಾ ಎಂದು ಮಣೆಯ ಮೇಲೆ ಕುಳಿತು ಉಬ್ಬಿದೆ. ನನಗೂ ಆ ಐದನ್ನು ದೂರದಿಂದ ನೋಡಿಯೇ ಗುರುತು ಹತ್ತಿತ್ತು. ಮಾರನೆಯ ದಿನ ಅಪ್ಪ ಆ ರೂಪಾಯಿಯನ್ನು ಹಲಗೆಗೆ ಹೊಡೆದಾಗ ನಾನೇ ಮೊಳೆ ಕೊಟ್ಟೆ.

ಲಗ್ನ ಮುರಿಯಲಿಲ್ಲ. ಅವರು ದೊಡ್ಡ ಮನಸ್ಸಿನವರು ಎಂದು ಅವ್ವ ಹೇಳಿದಳು. ಅಪ್ಪ ಅದಕ್ಕೆ, ಮೋಸ ಹೋದವರು ಅವರು, ಅವರಿಗೆ ಸಿಟ್ಟು ಯಾಕೆ ಬರಬೇಕು ಎಂದ.

ಮೂಡಲಗಿಯ ಮನೆಗೆ ಸೊಸೆಯಾಗಿ ನಡೆಯಲು ಹೋದ ಮೇಲೆ ನನಗೆ ಸಂಗತಿ ತಿಳಿಯುತ್ತ ಬಂತು. ಆ ಮಾತು ನನಗಿಂತ ಮೊದಲೇ ಊರಿಗೆ ಬಂದಿತ್ತು. ಅಂದು ಪಡಸಾಲೆಯಲ್ಲಿ ಕುಳಿತಿದ್ದ ಹೆಣ್ಣುಮಕ್ಕಳು ಬಾಯಿಗೆ ಬೀಗ ಹಾಕಿಕೊಂಡು ಮರಳಿರಲಿಲ್ಲ. ಯಾರದಾದರೂ ಮನೆಯ ಕಾರ್ಯದಲ್ಲಿ ಅತ್ತೆ ಉಡಿ ತುಂಬಲು ಎದ್ದರೆ ಒಬ್ಬಳು ಇನ್ನೊಬ್ಬಳ ತೊಡೆ ಚಿವುಟುತ್ತಿದ್ದಳು. ಒಮ್ಮೆ ಒಬ್ಬ ಬಾಯಿಬಡಕಿ, ಕಲ್ಲ ಮ್ಯಾಲೆ ಬಡದ ನೋಡಿ ಕಟ್ಕೋರಿ ಎಂದು ನಗೆಯಾಡಿದ್ದೂ ಉಂಟು. ಅತ್ತೆ ಕೇಳಿಸಿಕೊಳ್ಳದವರಂತೆ ಕೆಲಸ ಮುಗಿಸಿ ಬಂದರು. ಆಮೇಲೆ ಅವರು ಯಾರ ಉಡಿಗೂ ರೂಪಾಯಿ ಹಾಕಲಿಲ್ಲ, ಎಂಟಾಣೆಯನ್ನೂ ಹಾಕಲಿಲ್ಲ. ರೊಕ್ಕದ ಜಾಗಕ್ಕೆ ಇನ್ನೊಂದು ಅಡಿಕೆ ಇಡುತ್ತಿದ್ದರು. ಕೈಬಿಚ್ಚಿ ಕೊಡುವ ಮನೆತನದ ಹೆಂಗಸು ಅಡಿಕೆ ಇಟ್ಟು ತಲೆ ತಗ್ಗಿಸಿ ಬರುವುದನ್ನು ನೋಡಿ ನನಗೆ ಕೆಡುಕೆನಿಸುತ್ತಿತ್ತು. ಆದರೆ ಖೋಟಾ ಖೋಟಾನೇ, ಅಪ್ಪ ಏನು ಸುಳ್ಳು ಹೇಳಿದನೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ. ನನ್ನ ಗಂಡನ ಪಗಾರ ಸರಕಾರಿ ಖಜಾನೆಯಿಂದ ಬರುತ್ತಿತ್ತು. ಒಂದು ತಿಂಗಳು ಪಗಾರದಲ್ಲಿ ಕೈಬೆರಳೇ ತಾಗದಂಥ ಹೊಸ ರೂಪಾಯಿಗಳು ಬಂದವು. ಎಲ್ಲ ಒಂದೇ ಥೈಲಿಯಿಂದ ಕೊಟ್ಟರು ಎಂದು ಅವರು ಹೇಳಿದರು. ಎತ್ತಿಡುವಾಗ ಹಳೆಯ ಚಾಳಿಯಂತೆ ನನ್ನ ಕಣ್ಣು ಇಸವಿಯ ಮೇಲೆ ಹೋಯಿತು. ನಲವತ್ತೈದು. ಇನ್ನೊಂದನ್ನು ನೋಡಿದೆ, ಅದೂ ನಲವತ್ತೈದು. ಒಂದರಲ್ಲಿ ಗೌಡನಂಥ ಐದು, ಮತ್ತೊಂದರಲ್ಲಿ ಹೊಟ್ಟೆ ಒಳಗೆ ಹೋದ ಐದು. ಎರಡನ್ನೂ ಬಾಗಿಲ ಹತ್ತಿರ ಒಯ್ದೆ. ಅಂಚಿನ ಗೀರು ಒಂದೇ, ರಾಜನ ಕಿವಿ ಒಂದೇ, ಸುತ್ತಲಿನ ಹೂಬಳ್ಳಿ ಒಂದೇ. ಐದು ಮಾತ್ರ ಬೇರೆ. ಸರಕಾರವೇ ಎರಡು ಅಚ್ಚಿನಲ್ಲಿ ಹೊಡೆದಿತ್ತು.

ಪಂಚಮಿಗೆ ತವರಿಗೆ ಹೋದಾಗ ಆ ಎರಡನ್ನೂ ಅಪ್ಪನ ಗಾದಿಯ ಮೇಲೆ ಇಟ್ಟೆ. ಎಲ್ಲಿಂದ ಬಂದವೆಂದು ಹೇಳಿದೆ. ಅವನು ಭೂತಗನ್ನಡಿ ತೆಗೆದುಕೊಳ್ಳಲಿಲ್ಲ, ಬರಿಗಣ್ಣಿಗೇ ಕಂಡಿತ್ತು. ಹಣೆಯ ವಿಭೂತಿಯ ಮೇಲೆ ಬೆವರು ಬಂದಿತ್ತು. ಅವನು ನನ್ನನ್ನು ನೋಡಿ ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ಯಾರಿಗೂ ತೋರಿಸಬ್ಯಾಡವ್ವಾ. ತೋರಿಸಿದ್ರ ಮುಂದ ನಾ ಅಂಗಡಿ ಬಾಗಲ ತಗ್ಯಾಕಾಗೂದಿಲ್ಲ.”

ಅವನ ಕಷ್ಟ ನನಗೆ ತಿಳಿಯಲಿಲ್ಲ ಎಂದಲ್ಲ. ಆ ಹಲಗೆಯ ಮೇಲೆ ಸಣ್ಣ ಐದರವು ಇನ್ನೂ ಇದ್ದವು. ಯಾರು ಯಾರೋ ರೈತರು ಅವನ ಮಾತು ನಂಬಿ ಬಿಟ್ಟುಹೋದವು. ಅತ್ತೆಯ ರೂಪಾಯಿ ಎಲ್ಲಕ್ಕಿಂತ ಮೇಲ್ಗಡೆ, ಚಪ್ಪಲಿ ಬಿಡುವ ಜಾಗದಲ್ಲಿ ಇತ್ತು. ಮಣ್ಣು ಮೆತ್ತಿಕೊಂಡಿತ್ತು. ಅದನ್ನು ದಾಟಿ ಕಟ್ಟೆ ಇಳಿಯುವಾಗ ಕಾಲು ಎಲ್ಲಿಡಬೇಕೋ ತಿಳಿಯದೆ ನೆಗೆದು ಇಳಿದೆ. ಅಪ್ಪನ ಮೇಲೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ನಾಚಿಕೆ. ತಪ್ಪು ಎಲ್ಲರಿಗೂ ಆಗುತ್ತದೆ. ತಪ್ಪೆಂದು ಗೊತ್ತಾದ ಮೇಲೆ ಅದನ್ನು ಕಾಲ ಕೆಳಗೆ ಹಾಗೆಯೇ ಬಿಟ್ಟುಕೊಂಡು ಜೋಳದ ರೊಟ್ಟಿ ಮುರಿಯುತ್ತ ಕುಳಿತಿದ್ದನಲ್ಲ, ಅದನ್ನು ನೋಡಲಾಗಲಿಲ್ಲ. ಮೂಡಲಗಿಗೆ ಮರಳಿ ನಾನೂ ಬಾಯಿ ಮುಚ್ಚಿಕೊಂಡಿದ್ದೆ ಎನ್ನುವುದನ್ನೂ ಇಲ್ಲಿಯೇ ಬರೆದುಬಿಡುತ್ತೇನೆ.

ಅತ್ತೆಯ ತವರು ಹುಕ್ಕೇರಿ. ಅವರ ತಾಯಿ ನನ್ನ ನಿಶ್ಚಯಕ್ಕಿಂತ ಸ್ವಲ್ಪ ಮೊದಲು ತೀರಿಕೊಂಡಿದ್ದರು. ವರ್ಷದ ಪುಣ್ಯತಿಥಿಗೆ ಅತ್ತೆ ನನ್ನನ್ನೂ ಕರೆದುಕೊಂಡು ಹೋದರು. ಆಗ ನಾನು ಬಸುರಿ. ಪ್ರಸಾದ ಮುಗಿದು ಬಂದವರೆಲ್ಲ ಹೋದ ಮೇಲೆ ಅತ್ತೆ ಹಿತ್ತಲ ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕುಳಿತರು. ಅವರಾಗಿಯೇ ಆ ದಿನದ ಮಾತು ತೆಗೆದದ್ದು ಅದೊಂದೇ ಸಲ. ಆ ರೂಪಾಯಿ ಅವರ ತಾಯಿ ಕೊಟ್ಟದ್ದಂತೆ. ಹಾಸಿಗೆ ಹಿಡಿದಾಗ ದಿಂಬಿನ ಕೆಳಗಿಂದ ತೆಗೆದು, ಮೊಮ್ಮಗನ ಹೆಂಡತಿ ಬಂದಾಗ ನಾನಿರುವುದಿಲ್ಲ, ನನ್ನ ಹೆಸರಿನಿಂದ ಅವಳ ಉಡಿಗೆ ಹಾಕು ಎಂದು ಕೈಗಿಟ್ಟಿದ್ದರಂತೆ.

“ನಮ್ಮವ್ವನ ಕಣ್ಣ ಮಂಜಾಗಿದ್ದೂ ಅವಾಗ. ಹಾಲು ಮಾರಿ ಕೂಡ್ಸಿದ ರೊಕ್ಕ. ಯಾರೋ ಮುದುಕಿಗೆ ಮೋಸ ಮಾಡ್ಯಾರ. ನನಗ ನನ್ನ ಮರ್ಯಾದಿದಲ್ಲ ತಂಗಿ, ಅಕಿ ಕೊಟ್ಟದ್ದು ಖೋಟಾ ಆತಲ್ಲ, ಅದಽ ಸಂಕಟ.”

ಎಂದರೆ ಅದು ಮೊದಲಿನಿಂದಲೂ ನನ್ನ ರೂಪಾಯಿ. ನನ್ನ ಮುಖ ಕಾಣದೆ ಹೋದ ಮುದುಕಿಯೊಬ್ಬಳು ನನಗೆಂದು ದಿಂಬಿನ ಕೆಳಗೆ ಇಟ್ಟುಕೊಂಡದ್ದಕ್ಕೆ ನಾನು ಮೊಳೆ ಎತ್ತಿಕೊಟ್ಟಿದ್ದೆ. ಇನ್ನು ತಡೆಯಲಾಗಲಿಲ್ಲ. ಅಳುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಖಜಾನೆಯ ಥೈಲಿ, ಎರಡು ನಮೂನೆಯ ಐದು, ಪಂಚಮಿಯಲ್ಲಿ ಅಪ್ಪ ಆಡಿದ ಮಾತು. ನಿಮ್ಮ ಅವ್ವ ಕೊಟ್ಟದ್ದು ಖರೆ ರೂಪಾಯಿ ಎಂದೆ. ಅತ್ತೆ ಸಿಟ್ಟಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಗೋಡೆಯ ಕಡೆ ತಿರುಗಿ ಯಾರಿಗೋ ಹೇಳುವವರಂತೆ ಖರೆ ಅಂತ, ಖರೆ ಅಂತ ಎಂದರು. ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

“ಅದೀಗ ಎಲ್ಲೈತಿ?”

ಆ ಪ್ರಶ್ನೆ ಬರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಅಪ್ಪ ಅದನ್ನು ಕರಗಿಸಿಬಿಟ್ಟಿದ್ದರೆ ಎಷ್ಟು ಚಲೋ ಇತ್ತು ಎಂದುಕೊಂಡೆ. ಅಂಗಡಿಯ ಹಲಗೆಗೆ ಹೊಡೆದಿದೆ ಎಂದಷ್ಟೇ ಹೇಳಿದೆ. ಯಾವ ಹಲಗೆ ಎಂದು ಅವರು ಮತ್ತೆ ಕೇಳಿದಾಗ ಕಾಲಿಡುವ ಹಲಗೆ ಎಂದೆ. ಅವರು ಎದ್ದು ಒಳಗೆ ಹೋದರು.

ಮರಳುವಾಗ ಗೋಕಾಕದಲ್ಲಿ ಸರ್ವಿಸ್ ಮೋಟಾರು ಇಳಿದು ಅತ್ತೆ ನೆಟ್ಟಗೆ ಪೇಟೆಗೆ ನಡೆದರು. ನಾನು ಹೊಟ್ಟೆ ಹೊತ್ತುಕೊಂಡು ಹಿಂದೆ ಹಿಂದೆ. ಅಂಗಡಿಯ ಮುಂದೆ ನಿಂತು ಹಲಗೆಯನ್ನು ನೋಡಿದರು. ಹತ್ತಲಿಲ್ಲ. ಬಾಗಿ ಸೆರಗಿನ ತುದಿಯಿಂದ ಮಣ್ಣು ಒರೆಸಿದರು. ಅಪ್ಪ ಗಾದಿಯಿಂದ ಎದ್ದು ಬಂದ. ಸುತ್ತಿಗೆ, ಇಕ್ಕಳ ತಂದು ಮೊಳೆ ಕಿತ್ತ. ಇಕ್ಕಳ ಜಾರಿ ರೂಪಾಯಿಯ ಮೇಲೆ ಇನ್ನೊಂದು ಗಾಯವಾಯಿತು. ಇದನ್ನು ಬಿಡಿ, ಬೇರೆ ಕೊಡುತ್ತೇನೆ, ಬೇಕಾದರೆ ಬಂಗಾರದ ಪುತಳಿ ನಾಣ್ಯ ಕೊಡುತ್ತೇನೆ ಎಂದು ತೊದಲಿದ.

“ನನಗ ಬ್ಯಾರೆದು ಬ್ಯಾಡ್ರಿ ಬೀಗರ. ನಮ್ಮವ್ವಂದು ಕೊಡ್ರಿ.”

ಅಂಗಡಿಯ ಕೊಡದಿಂದ ನೀರು ಹಾಕಿಸಿಕೊಂಡು ತೊಳೆದರು. ತೊಳೆದ ಮೇಲೆ ಐದು ಚೊಕ್ಕವಾಗಿ ಕಂಡಿತು. ನಡುವಿನ ತೂತಿನಿಂದ ಅವರ ಅಂಗೈ ಕಂಡಿತು. ತೂತು ಬಿದ್ದ ರೂಪಾಯಿಯನ್ನು ಪೇಟೆಯಲ್ಲಿ ಯಾರೂ ಮುಟ್ಟುವುದಿಲ್ಲ. ಖರೆ ಇದ್ದದ್ದನ್ನು ಅಪ್ಪ ತನ್ನ ಕೈಯಾರೆ ನಡೆಯದ ಹಾಗೆ ಮಾಡಿಬಿಟ್ಟಿದ್ದ. ಅದು ಅವನಿಗೂ ಅದೇ ಗಳಿಗೆಯಲ್ಲಿ ಹೊಳೆದಿರಬೇಕು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ.

ಸ್ವಲ್ಪ ದಿನಕ್ಕೆ ಮೂಡಲಗಿಯಲ್ಲಿ ನನ್ನ ಕುಬಸ ಆಯಿತು. ಬಸುರಿಗೆ ಸೀರೆ ಕುಬಸ ಹೊತ್ತು ತವರಿನವರು ಬರಲೇಬೇಕಾದ ಕಾರ್ಯ, ಅಪ್ಪನೂ ಬಂದ. ನಿಶ್ಚಯದ ದಿನ ಇದ್ದ ಹೆಣ್ಣುಮಕ್ಕಳೇ ಹೆಚ್ಚುಕಡಿಮೆ ಎಲ್ಲರೂ ಪಡಸಾಲೆಯಲ್ಲಿದ್ದರು. ಅತ್ತೆ ಅಕ್ಕಿ ಹಾಕಿದರು, ಉತ್ತತ್ತಿ ಹಾಕಿದರು, ಅರಿಷಿಣ ಬೇರು ಹಾಕಿದರು. ಅಡಿಕೆಯ ಸರದಿ ಬಂದಾಗ ಸೊಂಟದ ಚೀಲಕ್ಕೆ ಕೈಹಾಕಿ ಆ ರೂಪಾಯಿ ತೆಗೆದರು. ನನ್ನ ಉಡಿಗೆ ಹಾಕಲಿಲ್ಲ. ಎದ್ದು ಗಂಡಸರ ಕಡೆ ಹೋಗಿ ಅಪ್ಪನ ಮುಂದೆ ಎರಡೂ ಕೈಯಿಂದ ಹಿಡಿದರು.

“ನೀವು ನೋಡಿ ಹೇಳ್ರಿ ಬೀಗರ. ಆಮ್ಯಾಲೆ ಹಾಕ್ತೇನಿ.”

ಅಪ್ಪ ಅದನ್ನು ತೆಗೆದುಕೊಂಡ. ನೋಡುವುದೇನಿತ್ತು ಅದರಲ್ಲಿ? ಆದರೂ ತಿರುಗಿಸಿ ನೋಡಿದ. ಖರೆ ಐತ್ರಿ ಎಂದ, ಅವನ ಕಿವಿಗೇ ಕೇಳಿಸಿತೋ ಇಲ್ಲವೋ. ಅತ್ತೆ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಹೆಣ್ಣಮಕ್ಕಳ ತನಕ ಕೇಳಿಸಲಿಲ್ರಿ.”

ದನಿಯಲ್ಲಿ ಕೊಂಕು ಇರಲಿಲ್ಲ, ಗೌರವವೇ ಇತ್ತು. ಅಪ್ಪ ಎದ್ದು ನಿಂತ. ಸಂತೆಯ ದಿನದ ದೊಡ್ಡ ದನಿಯಲ್ಲಿ, ಈ ರೂಪಾಯಿ ಖರೆ ಐತಿ, ಅವತ್ತೂ ಖರೆ ಇತ್ತು, ತಪ್ಪು ನಂದು ಎಂದ. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ತಂದು, ಈ ಸಲ ಜಾರದಂತೆ ಅಕ್ಕಿಯೊಳಗೆ ಒತ್ತಿ ಇಟ್ಟರು. ಅವರಿಗೆ ನ್ಯಾಯ ಸಿಕ್ಕಿತು. ಅವರ ತಾಯಿಗೂ ಸಿಕ್ಕಿತು. ಅದಕ್ಕಾಗಿಯೇ ಅಲ್ಲವೇ ನಾನು ಅಷ್ಟೆಲ್ಲ ಅತ್ತಿದ್ದು?

ಆದರೆ ತಲೆ ಎತ್ತದೆ ಉಡಿ ಹಿಡಿದು ಕುಳಿತ ನನ್ನ ಮನಸ್ಸಿನಲ್ಲಿ ಆಗ ಇದ್ದ ಮಾತು ಒಂದೇ. ಮೊದಲನೇ ಸಲ ಹೇಳಿದ್ದು ಸಾಕಿತ್ತು, ಅತ್ತೆ ಎರಡನೇ ಸಲ ಹೇಳಿಸಬಾರದಿತ್ತು. ಆ ಮಾತು ಇವತ್ತಿಗೂ ಹೋಗಿಲ್ಲ. ಪೆಟ್ಟಿಗೆಯಲ್ಲಿನ ಆ ರೂಪಾಯಿಯನ್ನು ತೆಗೆದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ತೂತಿನ ಮೇಲಲ್ಲ, ಐದರ ಮೇಲೆ. ಇದು ನಿಜವಾಗಿ ಖೋಟಾ ಆಗಿದ್ದರೆ ಅಪ್ಪ ಆ ದಿನ ಎದ್ದು ನಿಲ್ಲಬೇಕಾಗಿರಲಿಲ್ಲ ಎಂದು ಒಂದು ಕ್ಷಣ ಅನ್ನಿಸುತ್ತದೆ. ಆಮೇಲೆ ಹುಕ್ಕೇರಿಯ ಮುದುಕಿಯ ನೆನಪಾಗಿ, ಅದನ್ನು ಕಣ್ಣಿಗೊತ್ತಿಕೊಂಡು ಮರಳಿ ಇಟ್ಟುಬಿಡುತ್ತೇನೆ.